ಎರಡಿಂಚು ಹಿಡಿದ ಬೆಲ್ಟು

ಆಪರೇಷನ್ ಆಗಿ ಹನ್ನೆರಡನೆಯ ದಿನ ಬೆಳಿಗ್ಗೆ ಮಾಸ್ಟರು ಚಹಾ ಕುಡಿದು, ಪರದೆ ಸರಿಸಿ ಅಂಗಡಿಗೆ ಬಂದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಪರದೆಯ ಆಚೆ ಟೈಲರಿಂಗು, ಈಚೆ ಸಂಸಾರ. ಮಂಚದಿಂದ ಮಿಷನ್ನಿಗೆ ಹದಿನಾಲ್ಕು ಹೆಜ್ಜೆ. ಆ ಹನ್ನೆರಡು ದಿನದಲ್ಲಿ ಅವರು ನಡೆದದ್ದೆಲ್ಲ ಆ ಹದಿನಾಲ್ಕು ಹೆಜ್ಜೆಯೊಳಗೇ.

ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ. ಏನೋ ಬಿದ್ದದ್ದನ್ನು ಹುಡುಕುವವರ ಹಾಗೆ ಬಗ್ಗಿಯೇ ನಿಂತಿದ್ದರು.

“ಎಣ್ಣೆ ಹಾಕಿದ್ಯೇನೇ?”

“ಹಾಕ್ತಾ ಇದೀನಿ” ಎಂದಳು ಹೆಂಡತಿ.

“ಕೆಳಗಿನ ತೂತು ಮರೀಬೇಡ. ಮರೆತ್ರೆ ಸಂಜೆ ಹೊತ್ತಿಗೆ ಅಳೋಕೆ ಶುರು ಮಾಡುತ್ತೆ.”

ಮಿಷನ್ನಿಗೆ ದಿನಾ ಎಣ್ಣೆ ಬಿಡುವುದು ಅವರ ಕೆಲಸ. ಮೂವತ್ತು ವರ್ಷದಲ್ಲಿ ಒಂದು ದಿನವೂ ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಈಗ ಸೊಂಟ ಬಗ್ಗಿಸಿ ಮಿಷನ್ನಿನ ಕೆಳಗೆ ತಲೆ ತೂರಿಸಲು ಆಗುತ್ತಿರಲಿಲ್ಲ. ಮನೆಗೆ ಬಂದ ದಿನವೇ ಎಣ್ಣೆಯ ಡಬ್ಬಿಯನ್ನು ಅವಳ ಕೈಗಿಟ್ಟು, “ನಾನು ಬಗ್ಗೋ ಹಾಗೆ ಆಗೋ ತನಕ ಇದು ನಿಂದು” ಎಂದಿದ್ದರು. ಮೇಲೆ ಐದು ತೂತು, ಕೆಳಗೆ ಎರಡು, ಪೆಡಲಿನ ಕೀಲಿಗೆ ಒಂದು ಹನಿ. ಆಮೇಲೆ ಒಂದು ಚೂರು ಬಟ್ಟೆಯ ಮೇಲೆ ಹೊಲಿಗೆ ಓಡಿಸಬೇಕು, ಎಣ್ಣೆಯ ಕಲೆ ಬೀಳುವುದು ನಿಲ್ಲುವವರೆಗೆ. ಇಲ್ಲದಿದ್ದರೆ ಮೊದಲ ಗಿರಾಕಿಯ ಬಟ್ಟೆ ಹಾಳು.

ಅವಳು ಚೂರು ಬಟ್ಟೆ ಓಡಿಸಿ ತೋರಿಸಿದಳು. ಅವರು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಆಮೇಲೆ ಕಟಿಂಗ್ ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿದರು. ತಮ್ಮದೇ ಪ್ಯಾಂಟು. ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಗಟ್ಟಿಯಾಗಿ ಹೇಳಿದರು.

“ಸೊಂಟ ಮೂವತ್ನಾಲ್ಕು. ಬರ್ಕೋ.”

“ಬರ್ಕೊಳ್ಳೋದ್ಯಾಕೆ? ಇಡೀ ಬೀದಿಗೇ ಕೇಳಿಸ್ತು.”

“ಕೇಳಿಸ್ಲಿ ಅಂತಲೇ ಹೇಳಿದ್ದು.”

ಬೀದಿಗೆ ಕೇಳಿಸಿದ್ದು ನಿಜ. ಎದುರಿಗೆ ತಗಡಿನ ಮಾಡಿನ ಕೆಳಗೆ ಇಸ್ತ್ರಿಯವನ ಮೇಜು. ಅವನು ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಕೂಗಿದ.

“ಏನ್ ಮಾಸ್ಟ್ರೇ, ಹರ್ನಿಯಾ ತೆಗೆದ್ರಾ, ಇಲ್ಲ ಹೊಟ್ಟೇನೇ ಎತ್ಕೊಂಡು ಹೋದ್ರಾ?”

“ಎರಡೂ ಜೋಡೀಲಿ ಹೋದ್ವು ಕಣಯ್ಯ. ನಗಿಸ್ಬೇಡ, ಹೊಲಿಗೆ ಬಿಚ್ಚುತ್ತೆ.”

“ಬಿಚ್ಚಿದ್ರೇನಂತೆ, ಎದುರಿಗೇ ಟೈಲರ್ ಅಂಗಡಿ ಇದೆಯಲ್ಲ!”

ಮಾಸ್ಟರು ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದು ನಕ್ಕರು. ನೋವಿಗೆ ಕಣ್ಣಲ್ಲಿ ನೀರು ಬಂತು. ಅವಳಿಗೂ ನಗು ಬಂತು. ಅವರು ಹಾಗೆ ನಕ್ಕು ಎರಡು ವರ್ಷವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಪ್ಯಾಂಟಿನ ಎರಡೂ ಕಾಲು ಕತ್ತರಿಸಿ, ನಿಧಾನವಾಗಿ ಪೆಡಲು ತುಳಿದು ಪಕ್ಕದ ಹೊಲಿಗೆ ಹಾಕಿದರು. ಕೆಳಗಿನ ಮಡಿಕೆ, ಗುಂಡಿ, ಕೊಕ್ಕೆ ಯಾವಾಗಲೂ ಅವಳ ಪಾಲು. ಮೊದಲನೆಯ ಕಾಲಿನ ಮಡಿಕೆ ಹೊಲಿಯುತ್ತಿದ್ದಾಗ ಅವರು ಎಡಗಾಲು ಚಾಚಿ, “ಮೀನಖಂಡ ಹಿಡ್ಕೊಂಡಿದೆ ಕಣೇ” ಎಂದರು.

ಅದೇನು ಹೊಸದಲ್ಲ. ಕೆಲಸ ಹೆಚ್ಚಿದ ದಿನ ಅವರ ಕಾಲು ಹಿಡಿಯುತ್ತಿತ್ತು, ಅವಳು ತಿಕ್ಕುತ್ತಿದ್ದಳು. ಇಪ್ಪತ್ತಾರು ವರ್ಷ ತಿಕ್ಕಿದ ಕಾಲು. ಅವಳು ಎಣ್ಣೆ ಬಿಸಿ ಮಾಡಿ ತಂದು ನೆಲದ ಮೇಲೆ ಕೂತಳು. ಕಾಲು ಸ್ವಲ್ಪ ಊದಿತ್ತು. ಬಲಗಾಲಿಗಿಂತ ಬಿಸಿಯಾಗಿತ್ತು. ಅದನ್ನು ಅವಳು ನೋಡಿದಳು, ಕೈಗೆ ಗೊತ್ತೂ ಆಯಿತು.

“ರೀ, ಆ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳೋಣ್ವಾ?”

“ಕಾಲು ನೋವಿಗೆ ಹೊಟ್ಟೆ ಡಾಕ್ಟರಿಗೆ ಯಾರಾದ್ರೂ ಫೋನ್ ಮಾಡ್ತಾರಾ? ಹನ್ನೆರಡು ದಿನ ಆದ್ಮೇಲೆ ಪೆಡಲ್ ತುಳಿದಿದೀನಿ, ಹಿಡ್ಕೊಳ್ಳದೆ ಇನ್ನೇನು? ಅಲ್ಲೇ, ಅಲ್ಲೇ. ಸ್ವಲ್ಪ ಜೋರಾಗಿ.”

ಅವಳು ಜೋರಾಗಿ ತಿಕ್ಕಿದಳು. ಅರ್ಧ ಗಂಟೆ. ಅವರಿಗೆ ಹಾಯೆನಿಸಿತು. ಸಂಜೆ ಊಟ ಚೆನ್ನಾಗಿ ಮಾಡಿದರು. ಪ್ಯಾಂಟಿಗೆ ಗುಂಡಿ ಹಚ್ಚುವುದು ನಾಳೆಗಿರಲಿ ಎಂದರು. ದಿನ ಹಾಗೆ ಮುಗಿಯಿತು. ಅದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ಅವಳಿಗೆ ಅದರ ಒಂದೊಂದು ನಿಮಿಷವೂ ನೆನಪಿದೆ.

*

ಮಾಸ್ಟರು ಮೊದಲು ದಪ್ಪ ಇದ್ದರು. ನೂರಾ ಇಪ್ಪತ್ತು ಕಿಲೋ. ಮಿಷನ್ ಮುಂದೆ ಕೂತರೆ ಹೊಟ್ಟೆ ಹಲಗೆಯ ಮೇಲೆ ಕೂರುತ್ತಿತ್ತು. ಗಿರಾಕಿಗಳು ಎದುರಿಗೇ ಡೊಳ್ಳು ಮಾಸ್ಟರು ಎನ್ನುತ್ತಿದ್ದರು. ಅವರು ಹೊಟ್ಟೆಯ ಮೇಲೆ ತಾಳ ಹಾಕಿ, “ಇದು ನಮ್ಮ ಅಂಗಡಿ ಬೋರ್ಡು, ದೂರದಿಂದ್ಲೇ ಕಾಣುತ್ತೆ” ಎನ್ನುತ್ತಿದ್ದರು. ಸೆಕೆಯ ದಿನ ಬನಿಯನ್ನೂ ಇಲ್ಲದೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾಚಿಕೆ ಅನ್ನುವುದು ಆ ಮೈಗೆ ಗೊತ್ತೇ ಇರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಹೀಗೇ ಇದ್ದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಕಾಲು ಎಂದರು ಡಾಕ್ಟರು. ಕಣ್ಣಿಲ್ಲದೆ, ಕಾಲಿಲ್ಲದೆ ಟೈಲರ್ ಏನು ಮಾಡುತ್ತಾನೆ? ಮಾಸ್ಟರು ಸಿಗರೇಟು ಬಿಟ್ಟರು, ತಟ್ಟೆಯಲ್ಲಿ ಅರ್ಧ ಬಿಟ್ಟರು, ಬೆಳಕು ಹರಿಯುವ ಮೊದಲೇ ಎದ್ದು ಒಂದು ಗಂಟೆ ನಡೆದರು. ಎರಡೂವರೆ ವರ್ಷದಲ್ಲಿ ನಲವತ್ತೈದು ಕಿಲೋ ಇಳಿದರು. ಬೀದಿಯೆಲ್ಲ ಹೊಗಳಿತು.

ಕೊಬ್ಬು ಹೋಯಿತು, ಚರ್ಮ ಉಳಿಯಿತು. ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಜೋತು ತೊಡೆಯ ಮೇಲೆ ಬಿತ್ತು. “ಒಳಗಿದ್ದೋನು ಬಿಟ್ಟು ಹೋದ, ಅವನ ಅಂಗಿ ನನ್ನ ಮೇಲೆ ಉಳ್ಕೊಂಡಿದೆ” ಎಂದು ಒಂದು ಸಲ ಹೇಳಿದರು. ಆಮೇಲೆ ಅದರ ಬಗ್ಗೆ ಮಾತೇ ಆಡಲಿಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡತೊಡಗಿದರು. ಹೆಂಡತಿಯ ಎದುರಿಗೂ ಅಂಗಿ ಬಿಚ್ಚುತ್ತಿರಲಿಲ್ಲ. ನೂರಿಪ್ಪತ್ತು ಕಿಲೋ ಇದ್ದಾಗ ಇಲ್ಲದ ನಾಚಿಕೆ ಎಪ್ಪತ್ತೈದಕ್ಕೆ ಬಂತು.

ಮಡಿಕೆಯ ಕೆಳಗೆ ಬೆವರು ನಿಂತು ಹುಣ್ಣಾಗುತ್ತಿತ್ತು. ಕೋಟಿನ ಒಳಪದರಕ್ಕೆ ಹಾಕುವ ಅಸ್ತರಿನ ಮೆತ್ತನೆಯ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅಲ್ಲಿ ತೂರಿಸಿಕೊಳ್ಳುತ್ತಿದ್ದರು. ಆ ಪಟ್ಟಿಗಳನ್ನು ಅವಳು ಒಗೆಯುತ್ತಿದ್ದಳು. ಕೆಲವು ದಿನ ರಕ್ತ ಇರುತ್ತಿತ್ತು. ವಾಸನೆಯೂ ಇರುತ್ತಿತ್ತು. ಅವಳು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.

ಒಂದು ದಿನ ಗಿರಾಕಿಯ ಕಾಲಿನ ಅಳತೆ ತೆಗೆಯಲು ಮಂಡಿಯೂರಿ ಕೂತಿದ್ದರು. ಚರ್ಮ ಅಂಗಿಯ ಸಮೇತ ಮುಂದಕ್ಕೆ ಜಾರಿತು. ಗಿರಾಕಿ ಬಗ್ಗಿ ನೋಡಿ, “ಮಾಸ್ಟ್ರೇ, ಅಂಗಿಯೊಳಗೆ ಏನು ಬಚ್ಚಿಟ್ಕೊಂಡಿದೀರಿ?” ಎಂದ. ಮಾಸ್ಟರು ನಕ್ಕರು. ಅಳತೆ ಬರೆದುಕೊಂಡರು. ಪರದೆಯ ಈಚೆ ಬಂದು ಗೋಡೆಗೆ ಮುಖ ಮಾಡಿ ನಿಂತರು.

“ಏನ್ರೀ ಆಯ್ತು?”

“ಇದನ್ನ ಕತ್ತರಿಸ್ಕೊಂಡು ಬರ್ತೀನಿ. ಸಾಕು.”

ದೊಡ್ಡ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಜೋತ ಚರ್ಮ ಕತ್ತರಿಸುವ ಕ್ಲಿನಿಕ್ಕು. ಗೋಡೆಯ ತುಂಬ ಚಪ್ಪಟೆ ಹೊಟ್ಟೆಯ ಹೆಂಗಸರ ಫೋಟೋ. ಒಬ್ಬನೇ ಒಬ್ಬ ಗಂಡಸಿನ ಫೋಟೋ ಇತ್ತು, ಅದಕ್ಕೂ ತಲೆ ಇರಲಿಲ್ಲ. ಡಾಕ್ಟರು ಕೆಟ್ಟವರಲ್ಲ. ಸಮಾಧಾನವಾಗಿ ಹೇಳಿದರು. ಗಂಡಸರಿಗೆ ಒಳಗೆ ರಕ್ತ ಕಟ್ಟುವುದು ಸ್ವಲ್ಪ ಹೆಚ್ಚು, ನೀರು ತುಂಬಬಹುದು, ಹೊಲಿಗೆ ಬೇಗ ಕೂಡದೆ ಇರಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದಕ್ಕೇ ಮಾರನೇ ದಿನದಿಂದಲೇ ಗಂಟೆಗೊಮ್ಮೆ ಎದ್ದು ನಡೆಯಬೇಕು. ಎಲ್ಲವೂ ಕಾಗದದಲ್ಲಿತ್ತು. ಮಾಸ್ಟರು ಸಹಿ ಹಾಕಿದರು. ಅವಳೂ ಹಾಕಿದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಆ ಕಾಗದದ ಅಕ್ಷರ ಇರುವೆಯಷ್ಟಿತ್ತು.

ಡಾಕ್ಟರು ಹೊಟ್ಟೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದದ್ದು ಮಾಸ್ಟರಿಗೆ ಬಹಳ ಹಿಡಿಸಿತು.

“ನಮ್ಮ ಕೆಲಸದವನೇ ಕಣೇ. ಮೊದಲು ಗುರುತು, ಆಮೇಲೆ ಕತ್ತರಿ. ಕೈ ನಡುಗಲ್ಲ.”

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅವಳ ಕೈ ಹಿಡಿದರು.

“ಯಾರಿಗೂ ಹೇಳ್ಬೇಡ. ಗಂಡಸು ಹೊಟ್ಟೆ ಚಂದ ಮಾಡಿಸ್ಕೊಂಡ ಅಂದ್ರೆ ಸಾಯೋವರೆಗೂ ಆಡ್ಕೊಳ್ತಾರೆ. ಹರ್ನಿಯಾ ಅನ್ನು. ಮಗಳಿಗೂ ಅಷ್ಟೇ.”

ಅವಳು ಹರ್ನಿಯಾ ಎಂದಳು. ಇಸ್ತ್ರಿಯವನಿಗೆ ಹೇಳಿದಳು, ದೂರದ ಊರಲ್ಲಿ ಗಂಡನ ಮನೆಯಲ್ಲಿದ್ದ ಮಗಳಿಗೆ ಫೋನಿನಲ್ಲಿ ಹೇಳಿದಳು. ಸುಳ್ಳು ಸಣ್ಣದು ಅನಿಸಿತ್ತು. ಆದರೆ ಹರ್ನಿಯಾ ಆದವನು ಹತ್ತು ದಿನ ಬಗ್ಗಿಕೊಂಡು, ಎರಡು ಕೊಳವೆ ನೇತಾಡಿಸಿಕೊಂಡು ಬೀದಿಯಲ್ಲಿ ನಡೆಯುವುದಿಲ್ಲ. ನೋಡಿದವರು ಕೇಳುತ್ತಾರೆ. ಆದ್ದರಿಂದ ಮಾಸ್ಟರು ಬೀದಿಗೆ ಇಳಿಯಲೇ ಇಲ್ಲ. ಮುಂಜಾನೆ ಒಂದು ಗಂಟೆ ನಡೆಯುತ್ತಿದ್ದ ಮನುಷ್ಯ ಮಂಚದಿಂದ ಮಿಷನ್ನಿಗೆ, ಮಿಷನ್ನಿಂದ ಮಂಚಕ್ಕೆ ನಡೆದರು. ಅವಳು ನಡೀರಿ ಎಂದಾಗಲೆಲ್ಲ, “ಪೆಡಲ್ ಮೇಲೆ ಕಾಲಾಡಿಸ್ತೀನಲ್ಲ, ಅದೂ ನಡಿಗೇನೇ” ಎನ್ನುತ್ತಿದ್ದರು.

*

ಕೊಳವೆಗಳ ತುದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ರಬ್ಬರಿನ ಗುಂಡು. ಹೊಟ್ಟೆಯೊಳಗಿನ ಕೆಂಪು ನೀರು ಅದಕ್ಕೆ ಇಳಿಯುತ್ತಿತ್ತು. ದಿನಾ ಅವಳು ಅದನ್ನು ಅಳತೆಯ ಲೋಟಕ್ಕೆ ಸುರಿದು, ಎಷ್ಟಿದೆಯೆಂದು ಅಂಗಡಿಯ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದಳು. ಮುಂದಿನ ಹಾಳೆಗಳಲ್ಲಿ ಊರಿನವರ ಸೊಂಟ, ತೋಳು. ಹಿಂದಿನ ಹಾಳೆಯಲ್ಲಿ ಗಂಡನ ನೀರು. ಎಂಟನೇ ದಿನ ನೀರು ಕಡಿಮೆಯಾಯಿತೆಂದು ಕೊಳವೆ ತೆಗೆದರು.

ಹತ್ತನೇ ದಿನ ಕಿಬ್ಬೊಟ್ಟೆ ಮತ್ತೆ ಉಬ್ಬಿತು. ಬೆರಳಿಂದ ತಟ್ಟಿದರೆ ಒಳಗೆ ನೀರು ತುಳುಕಿದ ಹಾಗೆ ಆಗುತ್ತಿತ್ತು. ಮಾಸ್ಟರ ಮುಖ ಬಿಳಿಚಿತು. “ಮತ್ತೆ ಬರ್ತಿದೆ ಕಣೇ” ಎಂದರು, ಹೋದ ಹೊಟ್ಟೆಯೇ ವಾಪಸು ಬರುತ್ತಿದೆ ಅನ್ನುವ ಹಾಗೆ. ಬಾಡಿಗೆ ಗಾಡಿಯಲ್ಲಿ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ದೊಡ್ಡ ಸಿರಿಂಜಿನಲ್ಲಿ ನೀರು ಎಳೆದು ತೆಗೆದರು.

“ಮೇಲಿನ ಚರ್ಮ ಒಳಗಿನ ಪದರಕ್ಕೆ ಇನ್ನೂ ಅಂಟ್ಕೊಂಡಿಲ್ಲ. ಮಧ್ಯೆ ಜಾಗ ಇದೆ, ನೀರು ಅಲ್ಲಿ ಸೇರ್ಕೊಳ್ತಿದೆ. ಗಾಬರಿ ಬೇಡ, ಇದು ಆಗುತ್ತೆ. ಹೊಟ್ಟೆಗೆ ಸುತ್ಕೊಳ್ಳೋಕೆ ಕೊಟ್ಟಿರೋ ಬೆಲ್ಟ್ ಬಿಡದೆ ಹಾಕ್ಕೊಳ್ಳಿ.”

ಮಾಸ್ಟರ ಕಣ್ಣು ಹೊಳೆಯಿತು. ಇದು ಅವರಿಗೆ ಗೊತ್ತಿದ್ದ ವಿಷಯ.

“ಅಂದ್ರೆ ಅಸ್ತರು ಮೇಲ್ಬಟ್ಟೆಗೆ ಕೂತಿಲ್ಲ.”

“ಹಾಗೇ ಅಂದ್ಕೊಳ್ಳಿ” ಎಂದು ಡಾಕ್ಟರು ನಕ್ಕರು.

ಬಾಗಿಲ ಹತ್ತಿರ ನರ್ಸು ಅವಳಿಗೆ ಹೇಳಿದಳು. “ತುಂಬಾ ಬಿಗಿ ಮಾಡ್ಬೇಡಿ ಆಂಟಿ. ಒಳಗೆ ಎರಡು ಬೆರಳು ಹೋಗ್ಬೇಕು.”

ಅವಳು ದಾರಿಯಲ್ಲಿ ಅದನ್ನು ಹೇಳಿದಳು. ಹೇಳಲಿಲ್ಲ ಎಂದಲ್ಲ.

“ಎರಡು ಬೆರಳು ಲೂಸ್ ಬಿಟ್ರೆ ಅದನ್ನ ಫಿಟಿಂಗ್ ಅಂತಾರೇನೇ? ಆ ಹುಡುಗಿಗೇನು ಗೊತ್ತು. ಅಸ್ತರು ಕೂರ್ಬೇಕಾದ್ರೆ ಒತ್ತಿ ಹಿಡೀಬೇಕು. ಕೋಟಿಗೆ ಹಾಗೇ ತಾನೇ ಮಾಡೋದು? ಈ ಬೆಲ್ಟಿನ ಎಲಾಸ್ಟಿಕ್ಕು ಒಗೆದೂ ಒಗೆದೂ ಸತ್ತಿದೆ. ನಾನು ಬೇರೆ ಸಣ್ಣ ಆಗ್ತಾ ಇದೀನಿ. ಮನೆಗೆ ಹೋಗಿ ಎರಡಿಂಚು ಹಿಡಿದ್ಬಿಡೋಣ.”

ಮೂವತ್ತು ವರ್ಷ ಎಷ್ಟು ಜನರ ಸೊಂಟ ಹಿಡಿದಿದ್ದರೋ, ಎಷ್ಟು ಬಿಟ್ಟಿದ್ದರೋ. ಅವರ ಫಿಟಿಂಗ್ ತಪ್ಪಿತು ಎಂದು ಬಟ್ಟೆ ವಾಪಸು ತಂದವರಿಲ್ಲ. ಅವಳು ಅವರ ಮಾತಿಗೆ ಎದುರಾಡುವ ಅಭ್ಯಾಸ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಳು, ಅಂಗಡಿಯಲ್ಲಿ ಇಟ್ಟುಕೊಂಡಿರಲಿಲ್ಲ.

ಮನೆಗೆ ಬಂದು ಬೆಲ್ಟು ಬಿಚ್ಚಿ ಮೇಜಿನ ಮೇಲೆ ಹಾಸಿದರು. ಬಿಳಿಯದು, ಒಂದು ಗೇಣಿಗಿಂತ ಅಗಲ, ದಪ್ಪ ಎಲಾಸ್ಟಿಕ್ಕು. ಒತ್ತಿದರೆ ಅಂಟಿ, ಎಳೆದರೆ ಬಿಚ್ಚುವ ವೆಲ್ಕ್ರೋ ಪಟ್ಟಿ ಪಕ್ಕದಲ್ಲಿ. ಅವರು ಬೆನ್ನಿನ ನಡುಭಾಗಕ್ಕೆ ಗುರುತು ಹಾಕಿ ಎರಡಿಂಚು ಮಡಿಸಿ ಪಿನ್ನು ಚುಚ್ಚಿದರು. ಅಷ್ಟು ದಪ್ಪದ್ದನ್ನು ಹೊಲಿಯಲು ಪೆಡಲಿಗೆ ಬಲ ಬೇಕು, ಅವರ ಹೊಟ್ಟೆಗೆ ಬಲ ಕೂಡದು.

“ನೀನೇ ಕೂತ್ಕೋ.”

“ನನಗೆ ಈ ದಪ್ಪದ್ದೆಲ್ಲ ಬರಲ್ಲಪ್ಪ. ಸೂಜಿ ಮುರಿಯುತ್ತೆ.”

“ಹದಿನೆಂಟನೇ ನಂಬರ್ ಸೂಜಿ ಹಾಕು. ನಾನು ಪಕ್ಕದಲ್ಲೇ ಇದೀನಲ್ಲ.”

ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವಳು ಅವರ ಜಾಗದಲ್ಲಿ ಕೂತಳು. ಮದುವೆಯಾದ ಹೊಸತರಲ್ಲಿ ಹೊಲಿಗೆ ಕಲಿಸುತ್ತೇನೆಂದು ಹೀಗೇ ಕೂರಿಸಿ ಎರಡೇ ದಿನಕ್ಕೆ ಬೈದು ಎಬ್ಬಿಸಿದ್ದರು. ಈ ಸಲ ಬೈಯಲಿಲ್ಲ.

“ನಿಧಾನ. ಬಟ್ಟೆ ಎಳೀಬೇಡ, ಅದೇ ಹೋಗುತ್ತೆ. ಹಾಂ. ತಿರುಗಿಸು. ಇನ್ನೊಂದು ಹೊಲಿಗೆ ಹಾಕು, ಡಬಲ್. ತುದೀಲಿ ಹಿಂದೆ ಮುಂದೆ ಓಡ್ಸು. ಯಾರಾದ್ರೂ ಎಳೆದ್ರೂ ಬಿಚ್ಚಬಾರ್ದು.”

ಎರಡು ಗೆರೆ ನೆಟ್ಟಗೆ ಬಂದವು. ಅವಳ ಜೀವಮಾನದಲ್ಲಿ ಅಷ್ಟು ನೇರವಾದ ಹೊಲಿಗೆ ಬಂದಿರಲಿಲ್ಲ. ಮಾಸ್ಟರು ಹೆಬ್ಬೆರಳಿನ ಉಗುರಿನಿಂದ ಗೀರಿ ನೋಡಿದರು.

“ನೋಡೇ, ನನ್ನ ಹೊಟ್ಟೆಗೆ ನೀನೂ ಹೊಲಿಗೆ ಹಾಕ್ದೆ. ಡಾಕ್ಟರಿಗಿಂತ ಚೆನ್ನಾಗಿದೆ.”

ಅವಳಿಗೆ ಹೆಮ್ಮೆಯಾಯಿತು. ಅದನ್ನು ಹೇಳದೆ ಬಿಡುವ ಹಾಗಿಲ್ಲ. ಹೆಮ್ಮೆಯಾಯಿತು.

ಬೆಲ್ಟು ಹಾಕಿಕೊಂಡಾಗ ಅವರು ಒಂದು ಸಲ ಉಸಿರು ಎಳೆದು ನಿಲ್ಲಿಸಿದರು. “ಹೀಗಿರ್ಬೇಕು” ಎಂದರು. ಅವಳು ಬೆರಳು ತೂರಿಸಿ ನೋಡಿದಳು. ಒಂದೂ ಹೋಗಲಿಲ್ಲ. ಮಾರನೇ ದಿನ ನೀರು ತುಂಬಿರಲಿಲ್ಲ. ಹೊಟ್ಟೆ ಹಲಗೆಯ ಹಾಗೆ ಇತ್ತು. ಗೆದ್ದೆವು ಅಂದುಕೊಂಡರು ಇಬ್ಬರೂ.

*

ಹದಿಮೂರನೇ ದಿನ ಬೆಳಿಗ್ಗೆ ಅವಳು ಎಣ್ಣೆ ಹಾಕಿ ಚೂರು ಬಟ್ಟೆ ಓಡಿಸುತ್ತಿದ್ದಳು. ಪರದೆಯ ಹಿಂದೆ ಮನೆಯೊಳಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಮಾಸ್ಟರು ಮಂಚದ ಕೋಲು ಹಿಡಿದು ನಿಂತಿದ್ದಾರೆ. ಚಹಾದ ಲೋಟ ನೆಲದಲ್ಲಿದೆ.

“ಉಸಿರು... ಸಿಗ್ತಿಲ್ಲ ಕಣೇ.”

ತುಟಿಯ ಬಣ್ಣ ಬೇರೆ ಆಗಿತ್ತು. ಹಣೆಯಲ್ಲಿ ಬೆವರು. ಅವಳ ಕೈ ಮೊದಲು ಬೆಲ್ಟಿಗೆ ಹೋಯಿತು. ಅವರು ಆ ಕೈ ಹಿಡಿದರು.

“ಬಿಚ್ಬೇಡ. ನೀರು ತುಂಬುತ್ತೆ.”

“ತುಂಬಿದ್ರೆ ತುಂಬ್ಲಿ! ಬಿಡ್ರಿ ಕೈನ!”

ಕಿತ್ತು ಬಿಚ್ಚಿದಳು. ಉಸಿರು ಬರುತ್ತದೆ ಅಂದುಕೊಂಡಿದ್ದಳು. ಬರಲಿಲ್ಲ. ಅವರು ಮೀನಿನ ಹಾಗೆ ಬಾಯಿ ತೆಗೆದು ಮುಚ್ಚಿದರು. ಕ್ಲಿನಿಕ್ಕಿಗೆ ಫೋನು ಹಚ್ಚಿದಳು. ಹೊಡೆದುಕೊಂಡಿತು, ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಬಾಗಿಲಿಗೆ ಓಡಿ ಕೂಗಿದಳು. ಏನೆಂದು ಕೂಗಿದಳೋ ಅವಳಿಗೆ ಗೊತ್ತಿಲ್ಲ. ಇಸ್ತ್ರಿಯವನು ಬಿಸಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೇ ಬಿಟ್ಟು ಓಡಿಬಂದ. ರಸ್ತೆಯ ಮಧ್ಯೆ ನಿಂತು ಒಂದು ಕಾರು ತಡೆದ. ಕಾರಿನಲ್ಲಿ ಮಾಸ್ಟರು ಬೆಲ್ಟನ್ನು ಮತ್ತೆ ಎಳೆದು ಅಂಟಿಸಿಕೊಂಡರು. ಅವಳು ನೋಡಿದಳು. ತಡೆಯಲು ಅವಳಿಗೆ ಕೈಯೇ ಬರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು.

“ಏನಾದ್ರೂ ಆಪರೇಷನ್ ಆಗಿತ್ತಾ?”

ಇಸ್ತ್ರಿಯವನು ಪಕ್ಕದಲ್ಲೇ ಇದ್ದ. ಅವಳ ಬಾಯಿಗೆ ಅಭ್ಯಾಸವಾಗಿತ್ತು.

“ಹರ್ನಿಯಾ.”

ನರ್ಸಿಗೆ ಬೆಲ್ಟಿನ ಪಟ್ಟಿ ಎಲ್ಲಿ ಬಿಚ್ಚುತ್ತದೆಂದು ಹುಡುಕುವ ಪುರಸೊತ್ತಿರಲಿಲ್ಲ. ಅಂಗಿ, ಬೆಲ್ಟು ಎಲ್ಲ ಸೇರಿಸಿ ಕತ್ತರಿಯಲ್ಲಿ ಕತ್ತರಿಸಿ ಎಳೆದಳು. ಒಂದು ಸೊಂಟದ ಮೂಳೆಯಿಂದ ಇನ್ನೊಂದರ ತನಕ ಗಾಯದ ಗೆರೆ ಕಂಡಿತು. ಹೊಸದಾಗಿ ಕೂರಿಸಿದ ಹೊಕ್ಕುಳ ಕಂಡಿತು.

“ಇದು ಹರ್ನಿಯಾ ಅಲ್ಲಮ್ಮ” ಎಂದರು ಡಾಕ್ಟರು.

“ಅಲ್ಲ” ಎಂದಳು ಅವಳು.

ಇಸ್ತ್ರಿಯವನು ಮುಖ ಆಚೆ ತಿರುಗಿಸಿದ. ಡಾಕ್ಟರು ಕಾಲು ಮುಟ್ಟಿದರು. ಎಡಗಾಲು ಒತ್ತಿದರು.

“ಈ ಊತ ಯಾವಾಗಿಂದ?”

“ನಿನ್ನೆಯಿಂದ. ಎಣ್ಣೆ ಹಾಕಿ ತಿಕ್ಕಿದೆ.”

ಡಾಕ್ಟರು ಕಾಲಿನಿಂದ ಕೈ ತೆಗೆದರು. ಮಂಚವನ್ನು ಒಳಗೆ ದೂಡಿಸಿದರು. ನರ್ಸು ಬೆನ್ನ ಕೆಳಗಿಂದ ಬೆಲ್ಟಿನ ಉಳಿದ ತುಂಡನ್ನು ಎಳೆದು ತೆಗೆದಳು. ಮಡಿಸಿ ಹೊಲಿದ ಜಾಗ ಕೈಗೆ ತಗಲಿ ನೋಡಿದಳು.

“ಅಬ್ಬಾ, ಯಾರು ಇಷ್ಟು ಗಟ್ಟಿಯಾಗಿ ಹೊಲಿದಿದ್ದು?”

ನರ್ಸು ತುಂಡನ್ನು ಅವಳ ಕೈಗಿಟ್ಟು ಒಳಗೆ ಹೋದಳು. ಅವಳು ಬಾಯಿ ತೆಗೆಯುವಷ್ಟರಲ್ಲಿ ಬಾಗಿಲು ಮುಚ್ಚಿತು.

ಬಾಗಿಲಿಗೆ ಒಂದು ಗಾಜಿನ ಕಿಂಡಿ ಇತ್ತು. ಅವಳ ಎತ್ತರಕ್ಕೆ ಅದು ಎಟುಕುತ್ತಿರಲಿಲ್ಲ. ಇಸ್ತ್ರಿಯವನು ನೋಡಿ ನೋಡಿ ಹೇಳುತ್ತಿದ್ದ. “ಎದೆ ಒತ್ತುತ್ತಿದಾರೆ ಅಕ್ಕ. ಇನ್ನೂ ಒತ್ತುತ್ತಿದಾರೆ. ಬೇರೆಯವರು ಬಂದ್ರು.” ಆಮೇಲೆ ಅವನು ಹೇಳುವುದನ್ನು ನಿಲ್ಲಿಸಿದ. ಆದರೂ ಕಿಂಡಿ ಬಿಟ್ಟು ಬರಲಿಲ್ಲ. ಅವಳು ಅವನ ಬೆನ್ನನ್ನೇ ನೋಡುತ್ತಾ ನಿಂತಿದ್ದಳು. ಆ ಬೆನ್ನು ನೋಡಿಯೇ ಅವಳಿಗೆ ಗೊತ್ತಾಯಿತು.

ಡಾಕ್ಟರು ಹೊರಗೆ ಬಂದು ಬೆಂಚಿನ ಮೇಲೆ ಅವಳ ಪಕ್ಕ ಕೂತರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದು ಕಿತ್ತುಕೊಂಡು ಹೋಗಿ ಶ್ವಾಸಕೋಶಕ್ಕೆ ಅಡ್ಡ ಕೂತಿತು ಎಂದರು.

“ಬೆಲ್ಟು ಬಿಗಿ ಆಗಿತ್ತು. ಎರಡಿಂಚು ಹಿಡಿದಿದ್ದೆ. ಅದಕ್ಕೇನಾ?”

“ಹೊಟ್ಟೆ ಬಿಗಿದ್ರೆ ಕಾಲಿನ ರಕ್ತ ಮೇಲೆ ಹರಿಯೋದು ನಿಧಾನ ಆಗುತ್ತೆ. ಅದೂ ಇರಬಹುದು. ಅದೊಂದೇ ಅನ್ನೋಕಾಗಲ್ಲಮ್ಮ.”

“ತಿಕ್ಕಿದ್ದಕ್ಕಾ ಅದು ಕಿತ್ಕೊಂಡಿದ್ದು?”

“ಗೊತ್ತಿಲ್ಲಮ್ಮ. ತಿಕ್ಕದೇ ಇದ್ರೂ ಹೀಗಾಗೋದುಂಟು. ಎಲ್ಲ ಸರಿಯಾಗಿ ಮಾಡಿದವರಿಗೂ ಆಗಿದೆ.”

ಇಷ್ಟು ಓದಿದವರಿಗೇ ಗೊತ್ತಿಲ್ಲ ಎಂದರೆ ಅವಳು ಇನ್ನು ಯಾರನ್ನು ಕೇಳಬೇಕು?

*

ಮಗಳು ಬಂದಳು. ಆಸ್ಪತ್ರೆಯ ಕಾಗದ ಓದಿದಳು. ಅಳು ನಿಂತು ಸಿಟ್ಟು ಬಂತು.

“ಹರ್ನಿಯಾ ಅಂದ್ಯಲ್ಲಮ್ಮ. ಹೊಟ್ಟೆ ಚಪ್ಪಟೆ ಮಾಡಿಸ್ಕೊಳ್ಳೋಕೆ ಹೋಗಿದ್ರಾ ಅಪ್ಪ? ಈ ವಯಸ್ಸಲ್ಲಿ? ಯಾರಿಗೆ ತೋರಿಸ್ಬೇಕಿತ್ತು?”

ತಾಯಿ ಎದ್ದು ಕಪಾಟಿನ ಕೆಳಗಿನ ಖಾನೆ ತೆಗೆದಳು. ಅಸ್ತರಿನ ಪಟ್ಟಿಗಳು, ಒಗೆದು ಮಡಿಸಿಟ್ಟವು, ನಲವತ್ತೋ ಐವತ್ತೋ. ಎಷ್ಟು ಒಗೆದರೂ ಹೋಗದ ಕಂದು ಕಲೆ. ಮಗಳ ಮಡಿಲಿಗೆ ಹಾಕಿದಳು.

“ತೋರಿಸೋಕಲ್ಲ. ಮುಚ್ಚಿಟ್ಕೊಂಡು ಸಾಕಾಗಿತ್ತು ಅವ್ರಿಗೆ.”

ಮಗಳು ಒಂದೊಂದೇ ಪಟ್ಟಿ ಎತ್ತಿ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಹೊರಡುವ ದಿನ ಮಾತ್ರ ಅಮ್ಮನ ಕೈ ಹಿಡಿದು, “ಬೆಲ್ಟಿನ ವಿಷಯ ಯಾರ ಹತ್ರಾನೂ ಹೇಳ್ಬೇಡಮ್ಮ. ನಿಂದೇನೂ ತಪ್ಪಿಲ್ಲ” ಎಂದಳು. ತಪ್ಪಿಲ್ಲದಿದ್ದರೆ ಯಾಕೆ ಹೇಳಬಾರದು ಎಂದು ಅವಳು ಕೇಳಲಿಲ್ಲ.

ಒಂದು ತಿಂಗಳು ಬಿಟ್ಟು ಅವಳೊಬ್ಬಳೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು. ಆ ಡಾಕ್ಟರು ಎದ್ದು ನಿಂತು ಕೂರಿಸಿದರು. ಮುಖ ಬಾಡಿತ್ತು.

“ಗಂಟೆಗೊಮ್ಮೆ ನಡೀತಿದ್ರಾ ಅವರು?” ಎಂದು ಕೇಳಿದರು.

“ಇಲ್ಲ.”

“ಕಾಲು ನೋವು ಬಂದಾಗ ಒಂದು ಫೋನು...”

“ಮಾಡ್ಲಿಲ್ಲ. ಮರುದಿನ ಮಾಡ್ದೆ. ನೀವು ಎತ್ಲಿಲ್ಲ.”

ಅವಳು ಚೀಲದಿಂದ ಬೆಲ್ಟಿನ ತುಂಡು ತೆಗೆದು ಮುಂದಿಟ್ಟಳು. ಹೊಲಿಗೆ ಇದ್ದ ತುಂಡು. ಡಾಕ್ಟರು ಅದನ್ನು ಕೈಗೆತ್ತಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು.

“ಇದು ನಾನು ಹೊಲಿದದ್ದು. ಇದರಿಂದ ಆಯ್ತು ಅನ್ನಿ, ಇಲ್ಲ ಆಗಿಲ್ಲ ಅನ್ನಿ. ಎರಡರಲ್ಲಿ ಒಂದು ಹೇಳಿ ಸಾಕು.”

“ಆ ಒಂದನ್ನ ನಾನು ಹೇಗೆ ಹೇಳ್ಲಮ್ಮ?” ಎಂದರು ಡಾಕ್ಟರು.

ಅವಳು ತುಂಡನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಬಂದಳು. ಗೋಡೆಯ ಮೇಲೆ ಆ ತಲೆಯಿಲ್ಲದ ಗಂಡಸಿನ ಫೋಟೋ ಹಾಗೇ ಇತ್ತು.

ಅಂಗಡಿ ಮುಚ್ಚಿಲ್ಲ. ಹೊಸ ಬಟ್ಟೆ ಹೊಲಿಯಲು ಅವಳಿಗೆ ಬರುವುದಿಲ್ಲ. ಗುಂಡಿ, ಕೊಕ್ಕೆ, ಕೆಳಗಿನ ಮಡಿಕೆ, ಹರಿದ ಜೇಬು. ಬಂದಷ್ಟು ಮಾಡುತ್ತಾಳೆ. ಒಂದು ಕೆಲಸ ಮಾತ್ರ ಮಾಡುವುದಿಲ್ಲ. ಮೊನ್ನೆ ಒಬ್ಬಳು ಗಂಡನ ಪ್ಯಾಂಟು ತಂದಳು.

“ಸೊಂಟ ಎರಡಿಂಚು ಹಿಡಿದು ಕೊಡಿ ಅಕ್ಕ. ಸಣ್ಣ ಆಗಿದಾರೆ.”

“ಸೊಂಟ ಹಿಡಿಯಲ್ಲ.”

“ಎಷ್ಟೊತ್ತಿನ ಕೆಲಸ ಅಕ್ಕ, ಎರಡು ಗೆರೆ ಓಡ್ಸಿದ್ರೆ ಆಯ್ತು.”

ಇಸ್ತ್ರಿಯವನು ಎದುರಿನಿಂದಲೇ ಕೂಗಿದ. “ಅವರು ಹಿಡಿಯಲ್ಲ ಕಣಮ್ಮ. ಮೂಲೆ ಅಂಗಡಿಗೆ ಹೋಗು.” ಆಸ್ಪತ್ರೆಯಲ್ಲಿ ಏನು ಕಂಡ, ಏನು ಕೇಳಿದ ಎಂದು ಅವನು ಈವರೆಗೆ ಬೀದಿಯಲ್ಲಿ ಯಾರಿಗೂ ಹೇಳಿಲ್ಲ. ಯಾರಾದರೂ ಕೇಳಿದರೆ ಹರ್ನಿಯಾ ಎನ್ನುತ್ತಾನೆ.

ಬೂದು ಪ್ಯಾಂಟು ಗೋಡೆಯ ಮೊಳೆಗೆ ನೇತಾಡುತ್ತಿದೆ. ಒಂದು ಕಾಲಿಗೆ ಮಡಿಕೆ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ಗುಂಡಿ ಇಲ್ಲ.

ಬೆಳಿಗ್ಗೆ ಎದ್ದು, ಬಾಗಿಲು ತೆಗೆಯುವ ಮೊದಲು ಅವಳು ಮಿಷನ್ನಿನ ಮುಂದೆ ನೆಲದ ಮೇಲೆ ಕೂರುತ್ತಾಳೆ. ಮೇಲಿನ ಐದು ತೂತಿಗೆ ಎಣ್ಣೆ ಬಿಡುತ್ತಾಳೆ. ತಲೆ ಬಗ್ಗಿಸಿ ಕೆಳಗಿನ ಎರಡಕ್ಕೆ ಬಿಡುತ್ತಾಳೆ, ಪೆಡಲಿನ ಕೀಲಿಗೆ ಒಂದು ಹನಿ. ಎದ್ದು ಕೂತು ಚೂರು ಬಟ್ಟೆ ಇಟ್ಟು ತುಳಿಯುತ್ತಾಳೆ. ಮೊದಲ ಗೆರೆಯಲ್ಲಿ ಕಲೆ ಬೀಳುತ್ತದೆ. ಎರಡನೆಯದರಲ್ಲಿ ಕಡಿಮೆ. ಮೂರನೆಯದು, ನಾಲ್ಕನೆಯದು. ಕಲೆ ನಿಂತ ಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಆಮೇಲೆ ಡಬ್ಬಿಯ ಮುಚ್ಚಳ ತಿರುಗಿಸಿ, ಅವರ ಕೈಗೆಟುಕುತ್ತಿದ್ದ ಜಾಗದಲ್ಲೇ ಇಡುತ್ತಾಳೆ.